ಲೈಕಾ ಎಂ 240: ವಿಡಿಯೋ ಯಾಕೆ ಬಂತು, ಯಾಕೆ ಹೋಯ್ತು

2012ರ ಸೆಪ್ಟೆಂಬರ್‌ನಲ್ಲಿ ಕಲೋನ್‌ನ ಫೋಟೋಕಿನಾ ಕ್ಯಾಮೆರಾ ಮೇಳದ ಸಮಯಕ್ಕೆ ಜರ್ಮನಿಯ ಕ್ಯಾಮೆರಾ ಕಂಪನಿ ಲೈಕಾದವರು ಒಂದು ಹೊಸ ಎಂ ಕ್ಯಾಮೆರಾ ತೋರಿಸಿದ್ರು, ಅದೇ ಎಂ 240. ನೋಡೋಕೆ ಹಳೇ ಎಂ ಥರಾನೇ, ಆದ್ರೆ ನೆತ್ತಿ ಮೇಲೆ ಶಟರ್ ಬಟನ್ ಪಕ್ಕದಲ್ಲೇ ಇನ್ನೊಂದು ಪುಟಾಣಿ ಬಟನ್, ಅದರ ಗುರುತು ಎಂ ಅನ್ನೋ ಒಂದೇ ಅಕ್ಷರ. ಅದನ್ನ ಒತ್ತಿದ್ರೆ ವಿಡಿಯೋ ಶುರು. ನಾಲ್ಕು ಚಿಲ್ಲರೆ ವರ್ಷ ಕಳೆದು 2017ರ ಜನವರಿಯಲ್ಲಿ ಎಂ10 ಬಂತು, ಆ ಬಟನ್ ಇಲ್ಲ, ವಿಡಿಯೋನೂ ಇಲ್ಲ. ಮೆನು ಒಳಗೆ ಎಲ್ಲೋ ಬಚ್ಚಿಟ್ಟಿರ್ತಾರೆ ಅಂತ ಹುಡುಕಿದ್ರೂ ಸಿಗಲ್ಲ, ಬೇರು ಸಮೇತ ಕಿತ್ತಿದ್ರು. ಕ್ಯಾಮೆರಾ ಮಾರೋರು ಒಂದ್ಸಲ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದು ಬಲು ಅಪರೂಪ, ಪ್ರತಿ ಹೊಸ ಮಾಡೆಲ್ಲಿಗೂ ಪಟ್ಟಿ ಉದ್ದ ಆಗ್ತಾನೇ ಹೋಗುತ್ತೆ ಹೊರತು ಕಮ್ಮಿ ಆಗಲ್ಲ, ಅದಕ್ಕೇ ಈ ಒಂದು ಪ್ರಕರಣನ ಹಿಡ್ಕೊಂಡು ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸ್ತು.

ಜಗಳ ಹಳೇದೇ. ಒಂದು ಕಡೆಯವರು ಹೇಳೋದು, ಇಷ್ಟೊಂದು ದುಡ್ಡು ಸುರಿದು ತಗೊಳ್ಳೋ ಕ್ಯಾಮೆರಾದಲ್ಲಿ ವಿಡಿಯೋ ಇಲ್ಲ ಅಂದ್ರೆ ಹೇಗೆ, ಬೇಡ ಅನ್ನೋರು ಬಳಸ್ಬೇಡಿ, ಇದ್ರೆ ನಿಮ್ಮ ಗಂಟೇನು ಹೋಗುತ್ತೆ ಅಂತ. ಇನ್ನೊಂದು ಕಡೆಯವರು, ಎಂ ಥರದ ರೇಂಜ್‌ಫೈಂಡರ್ ಕ್ಯಾಮೆರಾ ಅಂದ್ರೇನೇ ಸರಳ, ಫೋಕಸ್ಸು, ಅಪರ್ಚರ್ರು ಅಂದ್ರೆ ಬೆಳಕು ಬಿಡೋ ತೂತಿನ ಅಳತೆ, ಶಟರ್ ಸ್ಪೀಡು, ಮುಗೀತು, ಅದರೊಳಗೆ ವಿಡಿಯೋ ತುರುಕಿದ್ರೆ ಅದು ಎಂ ಅನ್ನಿಸ್ಕೊಳ್ಳಲ್ಲ ಅಂತ. ನನಗೆ ಇಬ್ಬರ ಮಾತೂ ಅರ್ಧರ್ಧ ಒಪ್ಪಿಗೆ. ಲೈಕಾ ವಿಡಿಯೋ ತೆಗೆದಿದ್ದು ಸರಿಯಾದ ಕೆಲಸ ಅಂತ್ಲೇ ನಾನೂ ಹೇಳ್ತೀನಿ, ಆದ್ರೆ ಅದಕ್ಕೆ ಎಲ್ಲರೂ ಕೊಡೋ ಕಾರಣ ಇದ್ಯಲ್ಲ, ಶುದ್ಧತೆ, ಸರಳತೆ, ಮೂಲಕ್ಕೆ ಮರಳೋದು, ಅದು ಅಸಲಿ ಕಾರಣ ಅಲ್ಲ. 240ಗೆ ವಿಡಿಯೋ ಬಂದಿದ್ದು ಆ ಕ್ಯಾಮೆರಾಗೆ ಅದು ಬೇಕಿತ್ತು ಅಂತಲ್ಲ, ಆ ಕೆಲಸ ಮಾಡೋಕೆ ಆ ಮನೇಲಿ ಬೇರೆ ಯಾರೂ ಇರ್ಲಿಲ್ಲ ಅಂತ. ಹೋಗಿದ್ದೂ ಅಷ್ಟೇ, ಕೆಲಸಕ್ಕೆ ಇನ್ನೊಬ್ಬ ಬಂದ ಅಂತ.

ಸರಳತೆ ಮೊದಲು ಸಿದ್ಧಾಂತ ಆಗಿರ್ಲಿಲ್ಲ

ಎಂ ಸಾಲು ಶುರುವಾಗಿದ್ದು 1954ರ ಎಂ3ಯಿಂದ. ರೇಂಜ್‌ಫೈಂಡರ್ ಕೆಲಸ ಮಾಡೋ ರೀತಿ ಗೊತ್ತಿಲ್ಲದೋರಿಗೆ ಎರಡು ಮಾತು, ಯಾಕಂದ್ರೆ ಮುಂದಿನ ವಾದ ಎಲ್ಲಾ ಅದರ ಮೇಲೇ ನಿಂತಿದೆ. ಇಲ್ಲಿ ನೀವು ಲೆನ್ಸ್ ಮೂಲಕ ನೋಡಲ್ಲ. ಮೂಲೇಲಿರೋ ಒಂದು ಕಿಟಕಿಯಿಂದ ನೋಡ್ತೀರಿ, ಆ ನೋಟದ ಮಧ್ಯದಲ್ಲಿ ಒಂದು ಸಣ್ಣ ಬೆಳಗೋ ಚೌಕ, ಅದರಲ್ಲಿ ಇನ್ನೊಂದು ಕಿಟಕಿಯಿಂದ ಬಂದ ಅದೇ ದೃಶ್ಯ ಸ್ವಲ್ಪ ಪಕ್ಕಕ್ಕೆ ಸರಿದು ಕಾಣುತ್ತೆ. ಲೆನ್ಸ್ ತಿರುಗಿಸಿದ ಹಾಗೆ ಅದರ ಹಿಂದಿರೋ ಕ್ಯಾಮ್ ಬಾಡಿ ಒಳಗಿನ ಒಂದು ಪುಟ್ಟ ರೋಲರ್‌ನ ತಳ್ಳುತ್ತೆ, ಆ ಚಲನೆಯಿಂದ ಚೌಕದೊಳಗಿನ ಬಿಂಬ ಸರಿಯುತ್ತೆ, ಎರಡು ಬಿಂಬ ಒಂದರ ಮೇಲೊಂದು ಕೂತ ಕ್ಷಣ ಫೋಕಸ್ ಆಯ್ತು ಅಂತ ಲೆಕ್ಕ. ಫ್ರೇಮಿನ ಗೆರೆಗಳ ಆಚೆಗೂ ಕಾಣುತ್ತೆ, ಯಾರಾದ್ರೂ ಫ್ರೇಮಿಗೆ ನಡೆದು ಬರ್ತಿದ್ರೆ ಮೊದಲೇ ಗೊತ್ತಾಗುತ್ತೆ, ಕ್ಲಿಕ್ ಮಾಡೋ ಹೊತ್ತಲ್ಲಿ ಕಣ್ಣು ಕತ್ತಲೂ ಆಗಲ್ಲ. ಇದರ ರುಚಿ ಹತ್ತಿದೋರು ಬೇರೆ ಕ್ಯಾಮೆರಾ ಮುಟ್ಟೋಕೆ ಗೊಣಗ್ತಾರೆ. ಬಿಡಲಿ, ಅದು ಅವರ ಪಾಡು.

ಡಿಜಿಟಲ್ಲಿಗೆ ಬಂದಾಗ್ಲೂ ಇದೇ ಯಂತ್ರ ಮುಂದುವರೀತು. ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಲೈಕಾದ್ದಲ್ಲ, 2004ರ ಎಪ್ಸನ್ ಆರ್-ಡಿ1, 6 ಮೆಗಾಪಿಕ್ಸೆಲ್, ಡಿಜಿಟಲ್ ಆದ್ರೂ ಪ್ರತಿ ಫೋಟೋಗೂ ಮುಂಚೆ ಲಿವರ್ ಎಳೀಬೇಕು, ಮೇಲೆ ಗಡಿಯಾರದ ಥರ ಮುಳ್ಳಿನ ಡಯಲ್ಲು, ಸ್ಕ್ರೀನ್ ಬೇಡ ಅಂದ್ರೆ ಒಳಮುಖ ಮಾಡಿ ಮಡಚಿಬಿಡಬಹುದು. 2006ರಲ್ಲಿ ಲೈಕಾ ಎಂ8, 2009ರಲ್ಲಿ ಫುಲ್ ಫ್ರೇಮ್, ಅಂದ್ರೆ 35 ಮಿಲಿಮೀಟರ್ ಫಿಲ್ಮಿನ ಫ್ರೇಮಿನಷ್ಟೇ ದೊಡ್ಡ ಸೆನ್ಸರ್ ಇರೋ ಎಂ9, 18 ಮೆಗಾಪಿಕ್ಸೆಲ್. ಈ ಎರಡರಲ್ಲೂ ವಿಡಿಯೋ ಇಲ್ಲ, ಲೈವ್ ವ್ಯೂ, ಅಂದ್ರೆ ಸೆನ್ಸರ್ ನೋಡ್ತಿರೋದನ್ನ ಆಗಿಂದಾಗ್ಗೇ ಸ್ಕ್ರೀನಲ್ಲಿ ತೋರಿಸೋದು, ಅದೂ ಇಲ್ಲ, ಇವತ್ತು ತುಂಬಾ ಜನ ಅದನ್ನೇ ನೆನೆಸ್ಕೊಂಡು ಆಹಾ ಎಷ್ಟು ಪರಿಶುದ್ಧ ಕ್ಯಾಮೆರಾ ಅಂತಾರೆ. ಸ್ವಾಮಿ, ಅದು ವ್ರತ ಅಲ್ಲ, ಉಪವಾಸ. ಒಳಗಿದ್ದಿದ್ದು ಕೊಡಾಕ್‌ನ ಸಿಸಿಡಿ ಸೆನ್ಸರ್, ಒಂದು ಸ್ಟಿಲ್ ಓದಿ ಮುಗಿಸೋಕೇ ಟೈಮ್ ತಗೊಳ್ಳೋ ಜಾತಿ, ಅದರಿಂದ ಸೆಕೆಂಡಿಗೆ 25 ಫ್ರೇಮ್ ಹೊರತೆಗೆಯೋ ಮಾತೇ ಇರ್ಲಿಲ್ಲ. ವಿಡಿಯೋ ಬೇಡ ಅಂತ ಯಾರೂ ಕೂತು ನಿರ್ಧಾರ ಮಾಡಿದ್ದಲ್ಲ, ಆಗ್ತಿರ್ಲಿಲ್ಲ ಅಷ್ಟೇ.

ಆಮೇಲೆ 240ಗೆ ಸಿಎಂಒಎಸ್ ಅನ್ನೋ ಬೇಗ ಓದೋ ಜಾತಿಯ ಸೆನ್ಸರ್ ಬಂತು, ಬೆಲ್ಜಿಯಂನ ಸಿಮೋಸಿಸ್ ಅನ್ನೋ ಕಂಪನಿ ಮಾಡಿದ 24 ಮೆಗಾಪಿಕ್ಸೆಲ್‌ದು. ಸಿಎಂಒಎಸ್ ಬಂದ್ರೆ ಲೈವ್ ವ್ಯೂ ಬರುತ್ತೆ, ಲೈವ್ ವ್ಯೂ ಬಂದ್ಮೇಲೆ ವಿಡಿಯೋ ಇನ್ನೊಂದೇ ಹೆಜ್ಜೆ, ಸೆನ್ಸರ್ ಹೇಗಿದ್ರೂ ಚಿತ್ರ ಸುರೀತಾ ಇದೆ, ಅದನ್ನ ಕಾರ್ಡಿಗೆ ಬರ್ಕೊಂಡ್ರಾಯ್ತು. ಅಲ್ಲಿಂದಾಚೆಗೆ ಮಾತ್ರ "ಬೇಕಾ ಬೇಡ್ವಾ" ಅನ್ನೋ ಪ್ರಶ್ನೆಗೆ ಅರ್ಥ ಬಂದಿದ್ದು.

ಮನೇಲಿ ಯಾರೂ ಇಲ್ಲದ ಹೊತ್ತು

ಈಗ 2012ರ ಲೈಕಾ ಜಾಗದಲ್ಲಿ ಕೂತು ನೋಡಿ. ನಿಕಾನ್ ಡಿ90 2008ರ ಆಗಸ್ಟ್‌ನಲ್ಲಿ ಡಿಎಸ್‌ಎಲ್‌ಆರ್‌ಗೆ ವಿಡಿಯೋ ತಂದಿತ್ತು, ಮುಂದಿನ ತಿಂಗಳೇ ಕ್ಯಾನನ್ 5ಡಿ ಮಾರ್ಕ್ 2 ಫುಲ್ ಫ್ರೇಮಲ್ಲಿ 1080ಪಿ ಅಂತ ಘೋಷಿಸಿ ಆಟಾನೇ ಬದಲಾಯಿಸಿಬಿಟ್ಟಿತ್ತು. ನಾಲ್ಕು ವರ್ಷದಲ್ಲಿ ವಿಡಿಯೋ ಇಲ್ಲದ ಹೊಸ ಕ್ಯಾಮೆರಾ ಅಂದ್ರೆ ಜನ ಮೇಲೆ ಕೆಳಗೆ ನೋಡೋ ಸ್ಥಿತಿ. ಇದು ಹೊರಗಿನ ಒತ್ತಡ.

ಒಳಗಿನ ಒತ್ತಡ ಇನ್ನೂ ಜೋರು, ಆದ್ರೆ ಅದರ ಬಗ್ಗೆ ಮಾತಾಡೋರು ಕಮ್ಮಿ. ಲೈಕಾಗೆ ಆರ್ ಅಂತ ಒಂದು ಎಸ್‌ಎಲ್‌ಆರ್ ಸಾಲು ಇತ್ತು, ಕನ್ನಡಿ ಇಟ್ಟು ಲೆನ್ಸ್ ಮೂಲಕವೇ ನೋಡೋ ಜಾತಿ, 2009ರಲ್ಲಿ ಅದನ್ನ ನಿಲ್ಲಿಸಿಬಿಟ್ರು. ಆ ಲೆನ್ಸ್‌ಗಳನ್ನ ಸಾಲಾಗಿ ಜೋಡಿಸಿಟ್ಕೊಂಡಿದ್ದ ಗಿರಾಕಿಗಳು ನಡುನೀರಲ್ಲಿ ನಿಂತ್ರು. ಟೆಲಿಫೋಟೋ, ಮ್ಯಾಕ್ರೋ, ಜೂಮ್, ಎಲ್ಲಾ ಇದೆ, ಹಾಕೋಕೆ ಡಿಜಿಟಲ್ ಬಾಡಿ ಇಲ್ಲ. ರೇಂಜ್‌ಫೈಂಡರ್‌ನಲ್ಲಿ ಅವನ್ನ ಬಳಸೋಕೆ ಆಗಲ್ಲ, ಆ ಲೆನ್ಸ್‌ಗಳಿಗೆ ರೋಲರ್ ತಳ್ಳೋ ಕ್ಯಾಮೇ ಇಲ್ಲ. ಹಾಗಾಗಿ 240ಗೆ ಲೈವ್ ವ್ಯೂ ಕೊಟ್ರು, ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸೋ ಫೋಕಸ್ ಪೀಕಿಂಗ್ ಕೊಟ್ರು, ತಲೆ ಮೇಲೆ ಸಿಕ್ಕಿಸೋ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಕೊಟ್ರು, ಆರ್ ಲೆನ್ಸಿಗೆ ಅಡಾಪ್ಟರ್ ಕೊಟ್ರು, ಅದರ ಜೊತೆಗೇ ವಿಡಿಯೋನೂ ಬಂತು. ಹೆಸರಲ್ಲೂ ನಂಬರ್ ಕಿತ್ತು ಬರೀ ಎಂ ಅಂದ್ರು, ಟೈಪ್ 240 ಅನ್ನೋದು ಅಡಿಯಲ್ಲಿ ಬರೋ ಕೋಡ್ ಅಷ್ಟೇ, ಇನ್ಮೇಲೆ ಇದೇ ಎಲ್ಲಾ ಅನ್ನೋ ಹಾಗೆ. ಅಂದ್ರೆ ಒಂದೇ ಬಾಡಿ ರೇಂಜ್‌ಫೈಂಡರ್ ಆಗ್ಬೇಕು, ಸತ್ತುಹೋದ ಎಸ್‌ಎಲ್‌ಆರ್‌ನ ಸಂಸಾರಾನೂ ಸಾಕ್ಬೇಕು, ಜೊತೆಗೆ ವಿಡಿಯೋ ಕೇಳೋರ ಬಾಯೂ ಮುಚ್ಚಿಸ್ಬೇಕು. ಮೂರು ಜನ ಮಾಡೋ ಕೆಲಸ ಒಬ್ಬನ ಹೆಗಲಿಗೆ.

ಕೈಗೆ ಏನಾಯ್ತು

ಈ ಹೊರೆ ಕೈಗೇ ಗೊತ್ತಾಗೋ ಹಾಗೆ ಬಂತು. ಎಂ9ರ ದಪ್ಪ 37 ಮಿಲಿಮೀಟರ್, 240ದು 42. ತೂಕ 585 ಗ್ರಾಮಿಂದ 680ಕ್ಕೆ. ಐದು ಮಿಲಿಮೀಟರ್ ಅಂದ್ರೆ ಏನ್ಮಹಾ ಅನ್ನಿಸುತ್ತೆ, ಆದ್ರೆ ಫಿಲ್ಮ್ ಎಂ ಹಿಡಿದು ಪಳಗಿದ ಕೈಗೆ ಅದು ಚಪ್ಪಲಿ ಅದಲುಬದಲಾದ ಹಾಗೆ, ನಡೀಬಹುದು ಆದ್ರೆ ಪ್ರತಿ ಹೆಜ್ಜೆಗೂ ನೆನಪಾಗುತ್ತೆ. ನ್ಯಾಯವಾಗಿ ಹೇಳ್ಬೇಕಂದ್ರೆ ದಪ್ಪ ಆಗಿದ್ದು ಬರೀ ವಿಡಿಯೋದಿಂದ ಅಲ್ಲ, ಹೊಸ ಸೆನ್ಸರ್, ದೊಡ್ಡ ಬ್ಯಾಟರಿ, ಹೊಸ ಸರ್ಕ್ಯೂಟ್ ಎಲ್ಲದರ ಪಾಲೂ ಇದೆ. ಆ ಬ್ಯಾಟರಿ ಮಾತ್ರ ಅದ್ಭುತ, ಇವತ್ತಿಗೂ 240 ಇಟ್ಕೊಂಡಿರೋರು ಅದೊಂದನ್ನ ಹೊಗಳ್ದೇ ಬಿಡಲ್ಲ.

ಬಟನ್ ವಿಷಯಕ್ಕೆ ಬನ್ನಿ. ರೇಂಜ್‌ಫೈಂಡರ್ ಬಳಸೋನ ತೋರುಬೆರಳು ಇಡೀ ದಿನ ಇರೋದೇ ಆ ಜಾಗದಲ್ಲಿ, ಶಟರ್ ಸುತ್ತಮುತ್ತ. ಕಣ್ಣು ಕಿಟಕಿಯಲ್ಲಿ, ಎಡಗೈ ಲೆನ್ಸ್ ಮೇಲೆ, ಬಲಗೈ ಬೆರಳು ಕುರುಡಾಗಿ ಮೇಲೆ ಹುಡುಕ್ತಾ ಇರುತ್ತೆ. ಅಂಥ ಜಾಗದಲ್ಲಿ ಒಂದೇ ಒತ್ತಿಗೆ ರೆಕಾರ್ಡಿಂಗ್ ಶುರುವಾಗೋ ಬಟನ್ ಇಟ್ರೆ ಏನಾಗುತ್ತೆ ಅಂತ ಊಹಿಸೋಕೆ ದೊಡ್ಡ ಬುದ್ಧಿ ಬೇಕಿಲ್ಲ. ಗೊತ್ತಿಲ್ಲದೇ ಒತ್ತಿ, ಬ್ಯಾಗಿನ ಒಳಭಾಗದ ವಿಡಿಯೋ, ನೆಲದ ವಿಡಿಯೋ ಬಂತು ಅಂತ ಬಳಸ್ದೋರು ಗೊಣಗಿದ್ದು ಸಾಕಷ್ಟು, ಆಮೇಲೆ ಫರ್ಮ್‌ವೇರ್ ಅಪ್‌ಡೇಟಲ್ಲಿ ಆ ಬಟನ್ನನ್ನ ಆಫ್ ಮಾಡೋ ಆಯ್ಕೆ ಕೊಟ್ರು. "ಬೇಡ ಅಂದ್ರೆ ಬಳಸ್ಬೇಡಿ" ಅನ್ನೋ ವಾದ ನನ್ನ ಪ್ರಕಾರ ಮುಗ್ಗರಿಸೋದು ಇಲ್ಲೇ. ಮೆನುವಿನ ಆಳದಲ್ಲಿರೋ ಫೀಚರ್ ಬಗ್ಗೆ ಹಾಗನ್ನಬಹುದು, ಬೆರಳ ಕೆಳಗೇ ಕೂತಿರೋದರ ಬಗ್ಗೆ ಅನ್ನೋಕಾಗಲ್ಲ, ಬಳಸದೇ ಇರೋಕೂ ಅಲ್ಲಿ ಗಮನ ಖರ್ಚಾಗುತ್ತೆ.

ಇನ್ನೊಂದು ತಮಾಷೆ. ವಿಡಿಯೋಗೆ ಸ್ಟೀರಿಯೋ ಮೈಕ್ ಬೇಕು ಅಂದ್ರೆ ಬೇರೆ ಮೈಕ್ ಅಡಾಪ್ಟರ್ ತಗೊಂಡು ನೆತ್ತಿ ಮೇಲೆ ಫ್ಲ್ಯಾಶ್ ಕೂರಿಸೋ ಹಾಟ್ ಶೂ ಜಾಗದಲ್ಲಿ ಸಿಕ್ಕಿಸ್ಬೇಕು. ಬಿಸಿಲಲ್ಲಿ ಫೋಕಸ್ ನೋಡೋಕೆ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಬೇಕು ಅಂದ್ರೆ ಅದನ್ನೂ ಅದೇ ಜಾಗದಲ್ಲೇ ಸಿಕ್ಕಿಸ್ಬೇಕು. ಜಾಗ ಒಂದೇ. ಕಿವಿ ಬೇಕಾ ಕಣ್ಣು ಬೇಕಾ ಆರಿಸ್ಕೊಳ್ಳಿ! ವಿಡಿಯೋನ ಮನಸ್ಸಿಟ್ಟು ಯೋಚಿಸಿ ಹಾಕಿದ್ರೆ ಹೀಗಾಗ್ತಿರ್ಲಿಲ್ಲ, ಲೆಕ್ಕ ಭರ್ತಿಗೆ ಹಾಕಿದ್ರು ಅನ್ನೋದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಬ್ಬರು ನಡೆದು ಬರ್ತಿದಾರೆ ಅಂತ ಇಟ್ಕೊಳ್ಳಿ

ಆದ್ರೂ ಅಸಲಿ ತೊಂದರೆ ಬಟನ್ನೂ ಅಲ್ಲ ಮೈಕೂ ಅಲ್ಲ. ಒಂದು ಶಾಟ್ ತಗೊಂಡು ನೋಡೋಣ. 50 ಮಿಲಿಮೀಟರ್ ಲೆನ್ಸ್, ಎಫ್/2, ಅಂದ್ರೆ ಅಪರ್ಚರ್ ಅಗಲವಾಗಿ ತೆರೆದು, ಒಬ್ಬರು ನಿಮ್ಮ ಕಡೆಗೆ ನಡೆದು ಬರ್ತಿದಾರೆ. ಎರಡು ಮೀಟರ್ ದೂರದಲ್ಲಿ ಆ ಲೆನ್ಸಿನ ಶಾರ್ಪ್ ಆಗಿ ಕಾಣೋ ಜಾಗದ ಆಳ ಸುಮಾರು 19 ಸೆಂಟಿಮೀಟರ್, ಒಂದು ಗೇಣಿಗಿಂತ ಚೂರೇ ಚೂರು ಕಮ್ಮಿ. ಮಾಮೂಲಿ ನಡಿಗೆ ಸೆಕೆಂಡಿಗೆ 1.3 ಮೀಟರ್ ಅಂತ ಹಿಡೀರಿ. ಅಂದ್ರೆ ಅವರ ಮುಖ ಆ 19 ಸೆಂಟಿಮೀಟರ್ ದಾಟೋಕೆ ಸೆಕೆಂಡಿನ ಏಳನೇ ಒಂದು ಭಾಗ, 25 ಫ್ರೇಮ್ ಲೆಕ್ಕದಲ್ಲಿ ಬರೀ ನಾಲ್ಕು ಫ್ರೇಮ್. ಸ್ಟಿಲ್ ಫೋಟೋಗ್ರಾಫರ್‌ಗೆ ಅದು ಸಾಕೋ ಸಾಕು, ಅವರಿಗೆ ಬೇಕಿರೋದು ಒಂದೇ ಫ್ರೇಮ್. ಅವರು ಫೋಕಸ್ಸನ್ನ ಎರಡು ಮೀಟರಿಗೆ ಇಟ್ಟು ಕಾಯ್ತಾರೆ, ಚೌಕದಲ್ಲಿ ಎರಡು ಮುಖ ಒಂದಾಯ್ತು, ಕ್ಲಿಕ್, ಮುಗೀತು. ರೇಂಜ್‌ಫೈಂಡರ್ ಹುಟ್ಟಿರೋದೇ ಆ ಒಂದು ಕ್ಷಣಕ್ಕೆ. ಬಿಂಬಗಳು ಕೂಡೋದು ಒಂದು ಗಳಿಗೆ, ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ.

ವಿಡಿಯೋಗೆ ಬೇಕಿರೋದು ಉಲ್ಟಾ, ಬಿಂಬ ಕೂಡಿದ್ದು ಕೂಡಿದ ಹಾಗೇ ಇರ್ಬೇಕು, ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಆಪ್ಟಿಕಲ್ ಕಿಟಕಿಯಲ್ಲಿ ನೋಡ್ತಾ ರೆಕಾರ್ಡ್ ಮಾಡೋಣ ಅಂದ್ರೆ ಅಲ್ಲಿ ಕಾಣೋ ಫ್ರೇಮ್ ಗೆರೆ ಅಂದಾಜಿನದು, 240ರಲ್ಲಿ ಅದನ್ನ ಎರಡು ಮೀಟರ್ ದೂರಕ್ಕೆ ಸರಿಹೊಂದಿಸಿದಾರೆ, ಅದಕ್ಕಿಂತ ದೂರ ಹೋದ್ರೂ ಹತ್ತಿರ ಬಂದ್ರೂ ನಿಜವಾದ ಫ್ರೇಮ್ ಬೇರೆ. ಸರಿ, ಹಿಂದಿನ ಸ್ಕ್ರೀನ್ ನೋಡೋಣ ಅಂದ್ರೆ ಕ್ಯಾಮೆರಾನ ಮುಖದಿಂದ ದೂರ ಹಿಡೀಬೇಕು, ಕೈ ನಡುಗುತ್ತೆ, ನಡುಕ ತಡೆಯೋ ಸ್ಟೆಬಿಲೈಸೇಶನ್ ಬಾಡೀಲೂ ಇಲ್ಲ ಲೆನ್ಸಲ್ಲೂ ಇಲ್ಲ. ಮೇಲಾಗಿ ಆಗ ನೀವು ರೇಂಜ್‌ಫೈಂಡರ್ ಬಳಸ್ತಾನೇ ಇಲ್ವಲ್ಲ. ಯಾವ ಯಂತ್ರಕ್ಕೆ ಅಂತ ಅಷ್ಟು ಕಾಸು ಕೊಟ್ರೋ ಅದನ್ನ ಪಕ್ಕಕ್ಕಿಟ್ಟು ಬೇರೆ ಯಾವ ಕ್ಯಾಮೆರಾದಲ್ಲಾದ್ರೂ ಆಗೋ ಕೆಲಸ ಮಾಡ್ತಿದೀರಿ, ಅದೂ ಅದಕ್ಕಿಂತ ಕೆಟ್ಟದಾಗಿ. ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅಂತಾರಲ್ಲ, ಅದು.

ಬೆಳಕಿನ ಲೆಕ್ಕಾನೂ ಹಾಕಿಬಿಡಿ. ವಿಡಿಯೋದಲ್ಲಿ ಚಲನೆ ಸಹಜವಾಗಿ ಕಾಣ್ಬೇಕು ಅಂದ್ರೆ 25 ಫ್ರೇಮಿಗೆ ಶಟರ್ 1/50 ಹತ್ತಿರ ಇಡೋದು ರೂಢಿ. ಪೂರ್ತಿ ಬಿಸಿಲು, ಐಎಸ್‌ಒ, ಅಂದ್ರೆ ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಅಳತೆ, 200. ಹಳೇ ಬಿಸಿಲಿನ ಸೂತ್ರದ ಪ್ರಕಾರ ಎಫ್/16ಗೆ 1/200, ಅಂದ್ರೆ 1/50ಕ್ಕೆ ಎಫ್/32. ನಿಮಗೆ ಬೇಕಿರೋದು ಎಫ್/2, ಆ ಲೆನ್ಸ್ ಕೊಂಡಿದ್ದೇ ಅದಕ್ಕೆ. ನಡುವೆ ಎಂಟು ಸ್ಟಾಪ್, ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು, ಒಟ್ಟು 256 ಪಟ್ಟು ಬೆಳಕು ಜಾಸ್ತಿ. ಬೆಳಕು ತಗ್ಗಿಸೋ ಎನ್‌ಡಿ ಫಿಲ್ಟರ್ ಹಾಕ್ಕೊಂಡೇ ತಿರುಗ್ಬೇಕು. ಅಪರ್ಚರ್ ರಿಂಗು ಬೇರೆ ಅರ್ಧರ್ಧ ಸ್ಟಾಪಿಗೆ ಕಟಕ್ ಕಟಕ್ ಅನ್ನುತ್ತೆ, ಫೋಟೋ ತೆಗೆಯೋವಾಗ ಆ ಸದ್ದು ಕೇಳೋಕೇ ಒಂಥರಾ ಖುಷಿ, ರೆಕಾರ್ಡಿಂಗ್ ನಡುವೆ ತಿರುಗಿಸಿದ್ರೆ ಸದ್ದೂ ದಾಖಲಾಗುತ್ತೆ, ಬೆಳಕೂ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತೆ. ಇವು ಯಾವುದೂ ಆ ಲೆನ್ಸ್‌ಗಳ ದೋಷ ಅಲ್ಲ, ಅವನ್ನ ಬೇರೆ ಕೆಲಸಕ್ಕೆ ಮಾಡಿದಾರೆ, ಅಷ್ಟೇ.

ಇಷ್ಟೆಲ್ಲಾ ಇದ್ರೂ 240 ಹಿಡ್ಕೊಂಡು ಚೆಂದದ ವಿಡಿಯೋ ಮಾಡ್ದೋರು ಇರ್ಲಿಲ್ಲ ಅಂತೇನಿಲ್ಲ. ಟ್ರೈಪಾಡ್ ಮೇಲಿಟ್ಟು, ಫೋಕಸ್ ಒಂದ್ಕಡೆ ನಿಲ್ಲಿಸಿ, ಆ ಲೆನ್ಸ್‌ಗಳ ಗುಣ ವಿಡಿಯೋದಲ್ಲಿ ಹೇಗೆ ಬರುತ್ತೆ ಅಂತ ನೋಡೋ ಆಸೆ ಯಾರಿಗಿರಲ್ಲ ಹೇಳಿ. ಆದ್ರೆ ಆ ಆಸೆಗೆ ಬೇಕಿರೋದು ಎಂ ಲೆನ್ಸ್, ಎಂ ಬಾಡಿ ಅಲ್ಲ. ಈ ವ್ಯತ್ಯಾಸ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹಳೇ ಒಂದು ಪ್ರಕರಣ, ಎಂ5

ಸರಳತೆ ಪಕ್ಷದೋರು ಇಲ್ಲಿವರೆಗೆ ಓದಿ ನೋಡಿದ್ರಾ ನಾವು ಹೇಳಿದ್ದೇ ಸರಿ ಅಂತ ಕೂತಿರ್ತಾರೆ. ಸ್ವಲ್ಪ ತಾಳಿ. 1971ರಲ್ಲಿ ಲೈಕಾ ಎಂ5 ಅಂತ ಒಂದು ತಂದಿತ್ತು, ಲೆನ್ಸ್ ಮೂಲಕ ಬೆಳಕು ಅಳೆಯೋ ಮೀಟರ್ ಇದ್ದ ಮೊದಲ ಎಂ. ಜನ ಒಪ್ಪಲಿಲ್ಲ, ಮಾರಾಟ ಬಿತ್ತು, ಕೊನೆಗೆ 1970ರ ದಶಕದ ಉತ್ತರಾರ್ಧದಲ್ಲಿ ಮೀಟರೇ ಇಲ್ಲದ ಎಂ4-2 ತಂದು ಹಳೇ ಆಕಾರಕ್ಕೆ ಮರಳಿದ್ರು. ಇದನ್ನೇ ನೋಡಿ, ಎಂ ಗಿರಾಕಿಗಳಿಗೆ ಹೊಸದು ಆಗಿಬರಲ್ಲ ಅಂತ ತೀರ್ಮಾನ ಮಾಡಬಹುದು. ಆದ್ರೆ 1984ರಲ್ಲಿ ಎಂ6 ಬಂತು, ಅದರಲ್ಲೂ ಲೆನ್ಸ್ ಮೂಲಕ ಅಳೆಯೋ ಮೀಟರೇ ಇತ್ತು, ಅದು ಜನಪ್ರಿಯ ಆಗಿ 2022ರಲ್ಲಿ ಅದನ್ನ ಮತ್ತೆ ತಯಾರು ಮಾಡೋ ಮಟ್ಟಕ್ಕೆ ಹೋಯ್ತು. ಎರಡಕ್ಕೂ ಇರೋ ವ್ಯತ್ಯಾಸ ಏನು? ಎಂ5 ಬಾಡಿ ದೊಡ್ಡದು, ಎಂ6 ಮೀಟರನ್ನ ಹಳೇ ಬಾಡಿಯೊಳಗೇ ಅಡಗಿಸಿತ್ತು. ಜನ ಬೇಡ ಅಂದಿದ್ದು ಮೀಟರ್ ಅಲ್ಲ, ಕೈಗೆ ಹೊಂದದ ಡಬ್ಬಾನ.

ಅದಕ್ಕೇ ಬರೀ "ಸರಳವಾಗಿರ್ಬೇಕು" ಅನ್ನೋದು ನನ್ನ ಪ್ರಕಾರ ವಾದವೇ ಅಲ್ಲ. ಎಂ10ರಲ್ಲಿ ವೈಫೈ ಇದೆ. ಲೈವ್ ವ್ಯೂ ಹಾಗೇ ಇದೆ, ಪೀಕಿಂಗ್ ಇದೆ, ಸಿಕ್ಕಿಸೋ ವ್ಯೂಫೈಂಡರ್ ಇದೆ. ಅದರ ನಂತರದ ಎಂ11 ಅಂತೂ 60, 36, 18 ಮೆಗಾಪಿಕ್ಸೆಲ್ ಅಂತ ಮೂರು ರೆಸೊಲ್ಯೂಶನ್ ಆಯ್ಕೆ ಕೊಡುತ್ತೆ, ಒಳಗೆ 64 ಜಿಬಿ ಮೆಮೊರಿ, ತಲೆತಲಾಂತರದಿಂದ ಬಂದ, ಅಡಿಯಿಂದ ಬಿಚ್ಚೋ ಬೇಸ್‌ಪ್ಲೇಟ್ ಕೂಡ ಕಿತ್ತುಹಾಕಿದಾರೆ. ಯಾರೂ ಬೀದಿಗಿಳೀಲಿಲ್ಲ. ಸರಳತೆ ಅಷ್ಟು ಪವಿತ್ರ ಆಗಿದ್ರೆ ಮೊದಲು ಹೋಗ್ಬೇಕಿದ್ದಿದ್ದು ವೈಫೈ ಮೆನು. ವಿಡಿಯೋ ಮಾತ್ರ ಯಾಕೆ ಹೋಯ್ತು?

2015, ಎರಡು ತಿಂಗಳು

ಇಲ್ಲಿಗೆ ಬಂದ್ರೆ ಗಂಟು ಬಿಚ್ಚುತ್ತೆ. 2015ರ ಅಕ್ಟೋಬರ್‌ನಲ್ಲಿ ಲೈಕಾ ಎಸ್‌ಎಲ್ ಬಂತು. ಫುಲ್ ಫ್ರೇಮ್, ಒಳಗೇ ದೊಡ್ಡ ಎಲೆಕ್ಟ್ರಾನಿಕ್ ವ್ಯೂಫೈಂಡರ್, ಆಟೋಫೋಕಸ್, 4ಕೆ ವಿಡಿಯೋ, ಅಡಾಪ್ಟರ್ ಹಾಕಿದ್ರೆ ಎಂ ಲೆನ್ಸೂ ಕೂರುತ್ತೆ ಆರ್ ಲೆನ್ಸೂ ಕೂರುತ್ತೆ. ನಡುನೀರಲ್ಲಿ ನಿಂತಿದ್ದ ಆರ್ ಗಿರಾಕಿಗಳಿಗೆ ಕೊನೆಗೂ ದಡ ಸಿಕ್ತು, ಎಂ ಲೆನ್ಸಲ್ಲಿ ವಿಡಿಯೋ ಮಾಡೋ ಆಸೆ ಇದ್ದೋರಿಗೂ. ಮುಂದಿನ ತಿಂಗಳು, ನವೆಂಬರ್‌ನಲ್ಲೇ, ಎಂ ಟೈಪ್ 262 ಬಂತು. ಅದೇ 24 ಮೆಗಾಪಿಕ್ಸೆಲ್, ಆದ್ರೆ ವಿಡಿಯೋ ಇಲ್ಲ, ಲೈವ್ ವ್ಯೂನೂ ಇಲ್ಲ, ಮೇಲಿನ ಪ್ಲೇಟ್ ಹಿತ್ತಾಳೆ ಬದಲು ಅಲ್ಯೂಮಿನಿಯಂ, ತೂಕದಲ್ಲಿ ಸುಮಾರು 80 ಗ್ರಾಂ ಉಳಿತಾಯ. ಒಂದು ತಿಂಗಳ ಅಂತರದಲ್ಲಿ ಒಂದು ಕ್ಯಾಮೆರಾ ಹೊರೆ ಹೊತ್ಕೊಳ್ತು, ಇನ್ನೊಂದು ಇಳಿಸ್ತು. ಇದು ಕಾಕತಾಳೀಯ ಅಂತ ಯಾರಾದ್ರೂ ಹೇಳಿದ್ರೆ ನಾನಂತೂ ನಂಬಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ, ಅಂದ್ರೆ ಎಸ್‌ಎಲ್‌ಗೆ ಮುಂಚೆ, ಬಂದಿದ್ದ ಕಪ್ಪುಬಿಳುಪಿನ ಎಂ ಮೊನೊಕ್ರೋಮ್ ಟೈಪ್ 246ರಲ್ಲಿ ವಿಡಿಯೋ ಇತ್ತು ನೋಡಿ. ಬರೀ ಕಪ್ಪುಬಿಳುಪು ತೆಗೀತೀನಿ ಅಂತ ಹಟ ಹಿಡಿದೋರ ಕ್ಯಾಮೆರಾಗೇ ಅವತ್ತು ವಿಡಿಯೋ ಬಿಟ್ಟಿರ್ಲಿಲ್ಲ, 2020ರ ಎಂ10 ಮೊನೊಕ್ರೋಮ್‌ನಲ್ಲಿ ಇಲ್ಲ.

2016ರಲ್ಲಿ ಎಂ-ಡಿ ಬಂತು, ಸ್ಕ್ರೀನೇ ಇಲ್ಲ, ಹಿಂಭಾಗದಲ್ಲಿ ಬರೀ ಐಎಸ್‌ಒ ಡಯಲ್. ಸ್ಕ್ರೀನ್ ತೆಗೆದಿದ್ದಕ್ಕೆ ಬೆಲೆ ಕಮ್ಮಿ ಆಗ್ಬೇಕಿತ್ತು, 262ಗಿಂತ ಜಾಸ್ತಿ ಇಟ್ರು. ಉಪವಾಸಕ್ಕೂ ಟಿಕೆಟ್ಟು! ಇದನ್ನ ನಾನು ಪೂರ್ತಿ ಅಣಕಕ್ಕೆ ಹೇಳ್ತಿಲ್ಲ, ಕಮ್ಮಿ ಸಂಖ್ಯೆಯಲ್ಲಿ ಮಾಡೋ ವಸ್ತುಗೆ ಖರ್ಚು ಜಾಸ್ತಿ ಅನ್ನೋದೂ ನಿಜ, ಆದ್ರೆ ಸರಳತೆ ಆ ಹೊತ್ತಿಗೆ ಮಾರೋ ಸರಕಾಗಿಬಿಟ್ಟಿತ್ತು ಅನ್ನೋದೂ ಅಷ್ಟೇ ನಿಜ. 2019ರಲ್ಲಿ ಇದರ ಉಲ್ಟಾ ತಮಾಷೆ ನಡೀತು, 240 ಬಾಡೀನೇ ಎಂ-ಇ ಅನ್ನೋ ಹೆಸರಲ್ಲಿ ಮತ್ತೆ ಮಾರಿದ್ರು, ವಿಡಿಯೋ ಸಮೇತ, ಎಂ10ಗಿಂತ ತುಂಬಾ ಕಮ್ಮಿ ಬೆಲೆಗೆ. ವಿಡಿಯೋ ಇರೋದು ಅಗ್ಗ, ಇಲ್ಲದಿರೋದು ದುಬಾರಿ.

ಇನ್ನೊಬ್ಬ ಕೆಲಸಗಾರ ಲೈಕಾ ಮನೆಯೋನಲ್ಲ, ಎಲ್ಲರ ಜೇಬಲ್ಲಿರೋನು. 2012ರಲ್ಲಿ ಫೋನಲ್ಲಿ 1080ಪಿ ಬರ್ತಿತ್ತು, 240ರಲ್ಲೂ 1080ಪಿ, ಫುಲ್ ಫ್ರೇಮ್ ಲೆನ್ಸಿನ ಮಸುಕು ಹಿನ್ನೆಲೆ ಬೇಕು ಅಂದ್ರೆ ಕ್ಯಾಮೆರಾ ಹಿಡಿಯೋಕೆ ಒಂದು ನೆಪ ಇತ್ತು. 2017ರ ಹೊತ್ತಿಗೆ ಫೋನಲ್ಲಿ 4ಕೆ, ನಡುಕ ತಡೆಯೋದು ಅದೇ, ಮುಖ ಹಿಡಿದು ಫೋಕಸ್ ಮಾಡೋದೂ ಅದೇ. ಮಗು ಮೊದಲ ಹೆಜ್ಜೆ ಇಡ್ತಿದ್ರೆ ಕೈ ತಾನಾಗೇ ಹೋಗೋದು ಫೋನಿಗೆ. "ಒಂದೇ ಕ್ಯಾಮೆರಾ ತಗೊಂಡು ಪ್ರವಾಸ ಹೋಗೋರಿಗೆ ವಿಡಿಯೋ ಬೇಡ್ವಾ" ಅನ್ನೋ ಪ್ರಶ್ನೆ 2012ರಲ್ಲಿ ನ್ಯಾಯವಾದ್ದೇ, ಆಮೇಲೆ ಒಂದೇ ಕ್ಯಾಮೆರಾ ತಗೊಂಡು ಹೋಗೋರೇ ಇಲ್ಲವಾದ್ರು, ಎಲ್ಲರ ಹತ್ರಾನೂ ಎರಡು. ಫ್ರಾನ್ಸಿನ ಪಿಕ್ಸೀ ಅನ್ನೋ ಸಣ್ಣ ಕಂಪನಿ ಇದನ್ನ ಇನ್ನೂ ಮುಂದಕ್ಕೆ ಒಯ್ದು, ತನ್ನ ರೇಂಜ್‌ಫೈಂಡರ್‌ಗೆ ಫೋಟೋ ನೋಡೋ ಸ್ಕ್ರೀನೇ ಇಡ್ಲಿಲ್ಲ, ಫೋಟೋ ನೋಡ್ಬೇಕಾ, ಫೋನಲ್ಲಿ ನೋಡ್ಕೊಳ್ಳಿ ಅಂತ.

ನಿಕಾನ್ ಕೂಡ ಒಂದ್ಸಲ ಈ ದಾರಿ ಹಿಡಿದಿತ್ತು, 2013ರ ಡಿಎಫ್, ತಮ್ಮ ಡಿ4ರ ಸೆನ್ಸರ್ ಹಾಕಿ ವಿಡಿಯೋ ಮಾತ್ರ ತೆಗೆದು. ನಿಕಾನ್‌ಗೆ ಅದು ಸಾಧ್ಯ ಆಗಿದ್ದು ಪಕ್ಕದಲ್ಲೇ ವಿಡಿಯೋ ಮಾಡೋ ಹತ್ತು ಬಾಡಿ ಇದ್ದಿದ್ದಕ್ಕೆ. ಮತ್ತೆ ಅದೇ ಲೆಕ್ಕ.

ಎಂ10 ಏನು ಗಳಿಸ್ತು

ವಿಡಿಯೋ ಬಿಟ್ಟ ಎಂ10 ಕೈಗೆ ಬಂದಾಗ ಜನ ಮೊದಲು ಹೇಳಿದ್ದು ವಿಡಿಯೋ ಬಗ್ಗೆ ಅಲ್ಲ, ದಪ್ಪದ ಬಗ್ಗೆ. 42 ಇದ್ದಿದ್ದು 38.5 ಮಿಲಿಮೀಟರ್ ಆಯ್ತು, ಫಿಲ್ಮ್ ಎಂ ಹಿಡಿದ ಹಾಗೇ ಅನ್ನಿಸೋ ಮಟ್ಟಕ್ಕೆ. ಬೆನ್ನಲ್ಲಿ ಸ್ಕ್ರೀನ್ ಎಡಕ್ಕಿದ್ದ ಆರು ಬಟನ್ ಮೂರಕ್ಕೆ ಇಳೀತು. ವ್ಯೂಫೈಂಡರ್ ಕಿಟಕಿಯಲ್ಲಿ ಕಾಣೋ ನೋಟ ಅಸಲಿ ಗಾತ್ರದ 0.68 ಪಟ್ಟಿಂದ 0.73 ಪಟ್ಟಿಗೆ ಹಿಗ್ಗಿತು. ಫಿಲ್ಮ್ ಸುತ್ತೋ ಗುಬುಟು ಇರ್ತಿದ್ದ ಜಾಗದಲ್ಲಿ ಐಎಸ್‌ಒ ಡಯಲ್ ಬಂತು, ಕ್ಯಾಮೆರಾ ಆಫ್ ಇದ್ರೂ ಐಎಸ್‌ಒ ಎಷ್ಟು ಅಂತ ಕಣ್ಣಲ್ಲೇ ಓದಬಹುದು. ಕಳ್ಕೊಂಡಿದ್ದೂ ಇದೆ, ಬ್ಯಾಟರಿ ಚಿಕ್ಕದಾಯ್ತು, 240ರ ಆ ಮುಗಿಯದ ಬ್ಯಾಟರಿ ಸುಖ ಹೋಯ್ತು. ದಪ್ಪ ಇಳಿದಿದ್ದಕ್ಕೂ ವಿಡಿಯೋ ಹೋಗಿದ್ದಕ್ಕೂ ನೇರ ಸಂಬಂಧ ಕಟ್ಟೋಕೆ ನಾನು ಹೋಗಲ್ಲ. ಆದ್ರೆ ತೆಳ್ಳಗಾಗ್ಬೇಕು ಅಂತ ಹಟ ತೊಟ್ಟಾಗ ಚಿಕ್ಕ ಬ್ಯಾಟರಿ ಸಾಕು, ಬಿಸಿ ಹೊರಹಾಕೋ ಚಿಂತೆ ಕಮ್ಮಿ, ತಲೆ ಮೇಲೆ ಒಂದು ಬಟನ್ ಕಮ್ಮಿ ಅನ್ನೋ ಅನುಕೂಲ ಸಿಗೋದು ವಿಡಿಯೋ ಮಾಡ್ಬೇಕಾದ ಕ್ಯಾಮೆರಾಗಲ್ಲ.

ಒಂದು ವಿಚಿತ್ರ ಹೇಳ್ದೇ ಇರೋಕಾಗ್ತಿಲ್ಲ. ವಿಡಿಯೋ ಬೇಡ ಅಂತ ಹಟ ಹಿಡಿಯೋ ಈ ವಂಶ ಹುಟ್ಟಿದ್ದೇ ಸಿನಿಮಾ ರೀಲಿಂದ. ಲೈಕಾ ಹುಟ್ಟಿಸಿದ ಓಸ್ಕರ್ ಬರ್ನಾಕ್ ಜರ್ಮನಿಯ ವೆಟ್ಸ್‌ಲರ್‌ನಲ್ಲಿ ಮೊದಲ ಲೈಕಾ ಮಾದರಿ ಮಾಡಿದಾಗ ಬಳಸಿದ್ದು 35 ಮಿಲಿಮೀಟರ್ ಸಿನಿಮಾ ಫಿಲ್ಮು, ಸಿನಿಮಾದ 18 ಬೈ 24 ಫ್ರೇಮ್ ಎರಡನ್ನ ಜೋಡಿಸಿ 24 ಬೈ 36 ಮಾಡ್ಕೊಂಡ. ಇವತ್ತು ಎಲ್ಲರೂ ಫುಲ್ ಫ್ರೇಮ್ ಅನ್ನೋದು ಅದನ್ನೇ. ಓಡೋ ಫಿಲ್ಮನ್ನ ನಿಲ್ಲಿಸಿ ಒಂದೊಂದೇ ಫ್ರೇಮ್ ತೆಗೆಯೋ ಪೆಟ್ಟಿಗೆ ಅದು.

ಹಾಗಾದ್ರೆ ದುಬಾರಿ ಡಿಜಿಟಲ್ ರೇಂಜ್‌ಫೈಂಡರ್‌ಗೆ ವಿಡಿಯೋ ಬೇಕಾ ಅಂತ ಯಾರಾದ್ರೂ ನನ್ನ ಕೇಳಿದ್ರೆ, ಬೇಡ ಅಂತೀನಿ, ಆದ್ರೆ ಆ ಬೇಡ ಅನ್ನೋದು ಎಸ್‌ಎಲ್ ಮತ್ತು ಫೋನಿನ ಬೆಂಬಲದಿಂದ ಬಂದಿರೋ ಬೇಡ. ಆ ಎರಡೂ ಇಲ್ಲದ 2012ರಲ್ಲಿ ಕೇಳಿದ್ರೆ ನಾನೂ ಹಾಕಿ ಅಂತಿದ್ನೇನೋ, ಬಟನ್ ಮಾತ್ರ ದಯವಿಟ್ಟು ಬೇರೆ ಕಡೆ ಇಡಿ ಅಂತಿದ್ದೆ.

ಇದಕ್ಕೆ ಒಂದು ಪರೀಕ್ಷೆ 2025ರ ಅಕ್ಟೋಬರ್‌ನಲ್ಲಿ ತಾನಾಗೇ ನಡೀತು. ಎಂ ಇವಿ1 ಅಂತ ಬಂತು, ಎಂ11ರ ವಂಶದ್ದೇ, ಆದ್ರೆ ರೇಂಜ್‌ಫೈಂಡರ್ ಕಿತ್ತು ಆ ಜಾಗದಲ್ಲಿ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಕೂರಿಸಿದಾರೆ. ಚೌಕ ಇಲ್ಲ, ಎರಡು ಬಿಂಬ ಇಲ್ಲ, ಅಂದಾಜಿನ ಫ್ರೇಮ್ ಗೆರೆ ಇಲ್ಲ, ಸೆನ್ಸರ್ ನೋಡಿದ್ದನ್ನೇ ಕಣ್ಣೂ ನೋಡುತ್ತೆ. ನಾನು ಮೇಲೆ ನಡೆದು ಬರೋ ಮನುಷ್ಯನ ಲೆಕ್ಕ ಹಾಕಿ ಕಿಟಕಿ ಬಗ್ಗೆ ಎತ್ತಿದ ತಕರಾರು ಅಲ್ಲಿ ನಿಲ್ಲಲ್ಲ. ರೇಂಜ್‌ಫೈಂಡರ್ ಶುದ್ಧತೆ ಅನ್ನೋ ಮಾತಂತೂ ಅಲ್ಲಿ ಕೇಳೋಕೇ ನಗು ಬರುತ್ತೆ. ಅದರಲ್ಲೂ ವಿಡಿಯೋ ಇಲ್ಲ. ಆ ಹೊತ್ತಿಗೆ ಎಸ್‌ಎಲ್ ಮೂರನೇ ಪೀಳಿಗೆಗೆ ಬಂದು 8ಕೆ ತೆಗೀತಾ ಪಕ್ಕದಲ್ಲೇ ಕೂತಿತ್ತು.